ದೆವ್ವದ ಸಿನಿಮಾ ಹಾಕುವ ಮೊದಲು ಸೌಂಡ್ ಸರಿ ಮಾಡಿ

ಮಂಡ್ಯದಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಮದುವೆ, ಬೀಗರ ಊಟ, ಗಣಪತಿ, ಊರಹಬ್ಬ, ಎಲ್ಲದಕ್ಕೂ ಬಾಕ್ಸ್ ಹಾಕುತ್ತೇನೆ. ಆಷಾಢದಲ್ಲಿ ಮದುವೆ ಇರಲ್ಲ, ಬಾಕ್ಸುಗಳು ಗೋಡೌನಿನಲ್ಲಿ ಸುಮ್ನೆ ಕೂತಿರುತ್ತವೆ. ಆಗ ಅಂಗಡಿ ಹುಡುಗರು, ಅಕ್ಕನ ಮಕ್ಕಳು ಎಲ್ಲ ಸೇರಿ ರಾತ್ರಿ ಹೆದರಿಕೆ ಸಿನಿಮಾ ನೋಡುತ್ತೇವೆ. "ಮಾವ, ಪ್ರಪಂಚದಲ್ಲೇ ಜಾಸ್ತಿ ಹೆದ್ರಿಸೋ ಪಿಚ್ಚರ್ ಯಾವ್ದು?" ಅಂತ ಕೇಳುತ್ತಾರೆ. "ಯಾವ್ದ್ರಲ್ಲಿ ನೋಡ್ತೀಯ, ಅದ್ ಹೇಳ್ಲಾ ಮೊದ್ಲು" ಅನ್ನುತ್ತೇನೆ. ಮೊಬೈಲಿನಲ್ಲಿ ಅಂದರೆ ಯಾವುದಾದರೂ ಒಂದೇ. ದೆವ್ವ ಬೆರಳುದ್ದ ಇದ್ದರೆ ಯಾರು ಹೆದರುತ್ತಾರೆ?

ನನ್ನ ಲೆಕ್ಕದಲ್ಲಿ ಹೆದರಿಕೆ ಒಳಗೆ ಬರುವುದು ಕಿವಿಯಿಂದ. ನಂಬಿಕೆ ಬರದಿದ್ದರೆ ನಿಮ್ಮನ್ನು ನಡುಗಿಸಿದ ಯಾವುದಾದರೂ ಸೀನನ್ನು ಮ್ಯೂಟ್ ಮಾಡಿ ನೋಡಿ. ಅರ್ಧಕ್ಕೆ ನಗು ಬರುತ್ತದೆ. 1978ರ 'ಹ್ಯಾಲೋವೀನ್' ಸಿನಿಮಾವನ್ನು ಅದರ ನಿರ್ದೇಶಕ ಜಾನ್ ಕಾರ್ಪೆಂಟರ್ ಸಂಗೀತ ಸೇರಿಸುವ ಮೊದಲು ಸ್ಟುಡಿಯೋದವರೊಬ್ಬರಿಗೆ ತೋರಿಸಿದ್ದರಂತೆ. ಅವರಿಗೆ ಚೂರೂ ಭಯ ಆಗಲಿಲ್ಲ. ಆಮೇಲೆ ಕಾರ್ಪೆಂಟರ್ ತಾವೇ ಕೂತು ಸಂಗೀತ ಮಾಡಿದರು. ಆ ಪಿಯಾನೋ ಇವತ್ತಿಗೂ ಜನರನ್ನು ಹೆದರಿಸುತ್ತಿದೆ. 1960ರ 'ಸೈಕೋ'ದಲ್ಲಿ ಬಚ್ಚಲುಮನೆ ಕೊಲೆಗೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಕೇಳಲಿಲ್ಲ, ಬರೀ ತಂತಿವಾದ್ಯ ಇಟ್ಟುಕೊಂಡು ಬರೆದೇಬಿಟ್ಟರು. ಚಾಕು ಇರಿಯುವ ಸದ್ದು ಬಂದದ್ದು ಒಂದು ಜಾತಿಯ ಕರಬೂಜದ ಹಣ್ಣಿಗೆ ಇರಿದು. ಹಿಚ್‌ಕಾಕ್ ಆಮೇಲೆ ಒಪ್ಪಿಕೊಂಡರು ಬಿಡಿ.

ಸರಿ, ಮನೆಯಲ್ಲಿ ಏನು ಮಾಡಬೇಕು? ಈಗಿನ ತೆಳು ಟಿವಿಗಳಲ್ಲಿ ಸ್ಪೀಕರ್ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತದೆ. ಸದ್ದು ಗೋಡೆಗೆ ಹೋಗುತ್ತದೆ, ನಮಗೆ ಉಳಿಕೆ ಸಿಗುತ್ತದೆ. ಎರಡು ಸಾಧಾರಣ ಬಾಕ್ಸ್ ಇದ್ದರೂ ಸಾಕು. ಟಿವಿಯ ಎಡಕ್ಕೊಂದು, ಬಲಕ್ಕೊಂದು ಇಡಿ. ಕೂತಾಗ ನಿಮ್ಮ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟು ಎತ್ತರಕ್ಕೆ ಬರಲಿ, ಮುಖ ನಿಮ್ಮ ಕಡೆ ಸ್ವಲ್ಪ ತಿರುಗಿರಲಿ. ಬೇಸ್ ಬಾಕ್ಸನ್ನು ಮೂಲೆಗೆ ತಳ್ಳಿದರೆ ಗುಡುಗು ಜಾಸ್ತಿ. ತೀರಾ ಗುಂಯ್ ಅಂದರೆ ಗೋಡೆಯಿಂದ ಒಂದಡಿ ಈಚೆ ಎಳೆಯಿರಿ. ಬರಿ ಗೋಡೆ, ಟೈಲ್ಸ್ ನೆಲ ಇರುವ ಹಾಲ್‌ನಲ್ಲಿ ಸದ್ದು ಕಲಸಿಹೋಗುತ್ತದೆ. ಹಿಂದಿನ ಗೋಡೆಗೆ ಎರಡು ರಗ್ಗು ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿ. ಪಿಸುಮಾತು ಎಷ್ಟು ಬಿಡಿಬಿಡಿಯಾಗಿ ಕೇಳುತ್ತದೆ ನೋಡಿ. ಬಾಕ್ಸ್ ಇಲ್ಲದವರು ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ನೋಡಿ. ನಿಜ ಹೇಳಬೇಕೆಂದರೆ ಅದೇ ಇನ್ನೂ ಜಾಸ್ತಿ ಹೆದರಿಸುತ್ತದೆ, ಆದರೆ ನಮ್ಮ ಹುಡುಗರಿಗೆ ಪಕ್ಕದವನ ತೋಳು ಹಿಡಿಯದೆ ಆಗಲ್ಲ.

ವಾಲ್ಯೂಮ್ ಇಡುವುದರಲ್ಲೇ ಜನ ಕೆಡುವುದು. ಹಾಡು, ಜಾಹೀರಾತು ಹಾಕಿ ಲೆಕ್ಕ ನೋಡಬೇಡಿ. ಸಿನಿಮಾದಲ್ಲಿ ಯಾರಾದರೂ ಮೆಲ್ಲಗೆ ಮಾತಾಡುವ ಸೀನ್ ಹುಡುಕಿ, ಆ ಮಾತು ಕಷ್ಟವಿಲ್ಲದೆ ತಿಳಿಯುವಷ್ಟಕ್ಕೆ ಇಡಿ. ಮತ್ತೆ ರಿಮೋಟ್ ಮುಟ್ಟಬೇಡಿ. ಟಿವಿಯ ಸೆಟ್ಟಿಂಗ್‌ನಲ್ಲಿ ನೈಟ್ ಮೋಡ್, ಆಟೋ ವಾಲ್ಯೂಮ್ ಅಂತ ಇರುತ್ತವೆ. ಅವು ಸಣ್ಣ ಸದ್ದನ್ನು ಏರಿಸಿ ದೊಡ್ಡ ಸದ್ದನ್ನು ಇಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಅವನ್ನು ಆಫ್ ಮಾಡಿಬಿಡಿ. ಹತ್ತು ನಿಮಿಷದ ಮೌನದ ಮೇಲೆ ಬಾಗಿಲು ಧಡ್ ಅಂದರೆ ತಾನೇ ಎದೆ ಒಡೆಯುವುದು?

ಆ ಮೌನ ಉಳಿಸುವುದೇ ಕಷ್ಟದ ಕೆಲಸ. ಫ್ಯಾನು ಮೊದಲ ಶತ್ರು. ಆರಿಸಿದರೆ ಸೊಳ್ಳೆ. ನಾಲೆ ಪಕ್ಕದ ಮನೆಯವರಿಗೆ ಹೇಳುವುದೇ ಬೇಡ ಅಲ್ವಾ? ಸಿನಿಮಾಕ್ಕೆ ಒಂದು ಗಂಟೆ ಮೊದಲು ಕಿಟಕಿ ಹಾಕಿ, ಬೇವಿನ ಸೊಪ್ಪಿನ ಹೊಗೆ ಕೊಟ್ಟು, ಹೊಗೆ ಪೂರ್ತಿ ಹೋಗಲಿಕ್ಕೆ ಬಿಟ್ಟು ಆಮೇಲೆ ಕೂರಿ. ಕಿಟಕಿಗೆ ಸೊಳ್ಳೆ ಜಾಲರಿ ಇದ್ದರೆ ಸಿನಿಮಾ ಶುರುವಾದ ಮೇಲೆ ತುಸು ತೆರೆದರೂ ಲಾಭವೇ, ಕಬ್ಬಿನ ಗದ್ದೆ ಕಡೆಯಿಂದ ನರಿ ಕೂಗಿದರೆ ಬಿಟ್ಟಿ ಸೌಂಡ್ ಎಫೆಕ್ಟ್. ಚಕ್ಕುಲಿ, ನಿಪ್ಪಟ್ಟು, ಚಿಪ್ಸ್ ಪ್ಯಾಕೆಟ್ ಒಳಗೆ ಬಿಡಬೇಡಿ. ಬಾಳೆಹಣ್ಣು ಕೊಡಿ. ಮುದ್ದೆ ಊಟ ಮುಗಿಸಿ ಬಂದವರು ಅರ್ಧ ಗಂಟೆಯಲ್ಲಿ ಗೊರಕೆ ಹೊಡೆಯುತ್ತಾರೆ, ಹಾಗಾಗಿ ಊಟ ಬೇಗ ಆಗಲಿ. ಕರೆಂಟ್ ನಂಬಬೇಡಿ, ಯುಪಿಎಸ್‌ಗೆ ಟಿವಿ, ಆಂಪ್ಲಿಫೈಯರ್ ಎರಡನ್ನೂ ಸೇರಿಸಿಕೊಳ್ಳಿ. ಸಿನಿಮಾ ಮೊದಲೇ ಡೌನ್‌ಲೋಡ್ ಆಗಿರಲಿ. ದೆವ್ವ ಬಾಗಿಲಿಗೆ ಬಂದಾಗ ನೆಟ್ ಸುತ್ತತೊಡಗಿದರೆ ಆ ರಾತ್ರಿ ಕೆಟ್ಟಿತು.

ಬೆಳಕಿನ ಬಗ್ಗೆ ಒಂದೇ ಮಾತು: ಟಿವಿಯನ್ನು ವಿವಿಡ್ ಮೋಡ್‌ನಿಂದ ಸಿನಿಮಾ ಮೋಡ್‌ಗೆ ಹಾಕಿ, ಟಿವಿ ಹಿಂದೆ ಒಂದು ಜೀರೋ ಬಲ್ಬ್ ಇರಲಿ.

ಈಗ ಯಾವ ಸಿನಿಮಾ? ಮೊದಲ ಸಲದವರಿಗೆ ನಮ್ಮದೇ 'ಆಪ್ತಮಿತ್ರ' ಹಾಕಿ, 2004ರದ್ದು. ಕಥೆ ಗೊತ್ತಿದ್ದರೂ ಪರವಾಗಿಲ್ಲ, ಸೌಂದರ್ಯ ಅವರ ನಾಗವಲ್ಲಿಯನ್ನು ಒಳ್ಳೆ ಬಾಕ್ಸ್‌ನಲ್ಲಿ ಕೇಳಿದವರು ಕಮ್ಮಿ. ಅಮ್ಮ, ದೊಡ್ಡಮ್ಮ ಜೊತೆಗಿದ್ದರೆ 1979ರ 'ನಾ ನಿನ್ನ ಬಿಡಲಾರೆ'. ಅನಂತ್ ನಾಗ್ ಮೈಮೇಲೆ ದೆವ್ವ ಬರುವುದನ್ನು ಅವರು ಇವತ್ತಿಗೂ ಕಣ್ಣು ಮುಚ್ಚಿಕೊಂಡೇ ನೋಡುವುದು. ರಕ್ತ ಕಂಡರೆ ಆಗದವರಿಗೆ 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'. ಅದರಲ್ಲಿ ದೆವ್ವ ಕಾಣಿಸುವುದೇ ಇಲ್ಲ, ರಾತ್ರಿ ಕಾಡಿನ ಸದ್ದು ಮಾತ್ರ. ಕೆಲವರಿಗೆ ಬೋರು, ನನಗೆ ಬೆವರು. ಜಪಾನಿನ 'ರಿಂಗು' 1998ರದ್ದು. ಅದರಲ್ಲಿ ಕೂದಲು ಇಳಿಬಿಟ್ಟ ಹುಡುಗಿಯ ನಡಿಗೆ ಯಾಕೋ ಸರಿಯಿಲ್ಲ ಅನ್ನಿಸುತ್ತದೆ. ನಟಿಯನ್ನು ಹಿಂದಕ್ಕೆ ನಡೆಸಿ ಶೂಟ್ ಮಾಡಿ, ರೀಲನ್ನು ಉಲ್ಟಾ ಓಡಿಸಿದ್ದಾರೆ.

ಆದರೆ ನನ್ನ ಮಟ್ಟಿಗೆ ಎಲ್ಲದರ ತಲೆಯ ಮೇಲೆ ಕೂರುವುದು 1973ರ 'ದಿ ಎಕ್ಸಾರ್ಸಿಸ್ಟ್'. ಹುಡುಗಿಯ ಬಾಯಲ್ಲಿ ಬರುವ ದೆವ್ವದ ದನಿ ಮರ್ಸಿಡಿಸ್ ಮೆಕೇಂಬ್ರಿಜ್ ಅನ್ನುವ ನಟಿಯದ್ದು. ಗಂಟಲು ಕೆಡಿಸಿಕೊಳ್ಳಲು ಆಕೆ ಹಸಿ ಮೊಟ್ಟೆ ನುಂಗಿ ಸಿಗರೇಟು ಸೇದಿದರಂತೆ. ಕತ್ತು ತಿರುಗುವ ಲಟಲಟ ಸದ್ದು ಒಂದು ಹಳೇ ಚರ್ಮದ ಪರ್ಸನ್ನು ಮೈಕ್ ಮುಂದೆ ತಿರುಚಿ ತೆಗೆದದ್ದು. ಆ ಮಲಗುವ ಕೋಣೆಯ ಸೆಟ್ಟನ್ನು ದೊಡ್ಡ ಏಸಿಗಳನ್ನು ಇಟ್ಟು ಕೊರೆಯುವಷ್ಟು ತಣ್ಣಗೆ ಮಾಡಿದ್ದರು, ನಟರ ಬಾಯಿಂದ ಬರುವ ಹಬೆ ನಿಜದ್ದು. ಸೌಂಡಿಗೆ ಆಸ್ಕರ್ ಕೊಟ್ಟರು, ಕೊಡಲೇಬೇಕಿತ್ತು. ಇದಕ್ಕೆ ಮಕ್ಕಳನ್ನು ಸೇರಿಸಬೇಡಿ. ಎದೆ ತೊಂದರೆ ಇರುವವರನ್ನೂ ಬೇಡ.

ನೋಡುವಾಗ ಯಾರಿಗಾದರೂ ತಡೆಯಲಾಗದಿದ್ದರೆ ಕಣ್ಣು ಮುಚ್ಚಿಕೋ ಅನ್ನಬೇಡಿ. ಕಣ್ಣು ಮುಚ್ಚಿದರೆ ಸದ್ದು ಇನ್ನೂ ಹತ್ತಿರ ಬರುತ್ತದೆ, ಚಿತ್ರ ತಲೆಯೊಳಗೆ ಇನ್ನೂ ಕೆಟ್ಟದಾಗಿ ಮೂಡುತ್ತದೆ. ಕಿವಿ ಮುಚ್ಚಿಕೊಳ್ಳಲು ಹೇಳಿ, ಕಣ್ಣು ಬಿಟ್ಟೇ ಇರಲಿ. ಮುಗಿದ ಮೇಲೂ ನಡುಗುತ್ತಿರುವವರಿಗೆ ಆ ಸೀನನ್ನೇ ಮತ್ತೊಮ್ಮೆ ಮ್ಯೂಟ್ ಮಾಡಿ ತೋರಿಸಿ. ಮೇಕಪ್ಪು, ವಿಗ್ಗು, ರಬ್ಬರ್ ಗೊಂಬೆ ಎಲ್ಲ ಕಾಣುತ್ತದೆ, ನಿದ್ದೆ ಬರುತ್ತದೆ.

ಇನ್ನೊಂದು. ಪಕ್ಕದ ಮನೆಯವರಿಗೆ ಸಂಜೆಯೇ ಹೇಳಿಡಿ: "ಅಕ್ಕಾ, ರಾತ್ರಿ ಕಿರುಚಾಟ ಕೇಳಿದ್ರೆ ಗಾಬರಿ ಆಗ್ಬೇಡಿ, ಪಿಚ್ಚರು." ಹತ್ತು ಗಂಟೆಯ ಮೇಲೆ ಬೇಸ್ ಇಳಿಸಿ. ಗೋಡೆ ದಾಟಿ ಜಾಸ್ತಿ ಹೋಗುವುದು ಅದೇ, ಮಿಕ್ಕ ಸದ್ದು ಅಷ್ಟಾಗಿ ದಾಟುವುದಿಲ್ಲ.