ಮಳೆಗಾಲದಲ್ಲೂ ನಿಲ್ಲದ ಹಾಗೆ ಹೈಸ್ಕೂಲಿಗೆ ಎಲ್‌ಎಂಎಸ್ ತರುವುದು ಹೇಗೆ

ಕೊಡಗಿನ ಹೈಸ್ಕೂಲಿಗೆ ಪಾಠ, ಕ್ವಿಜ್, ಅಂಕ ಎಲ್ಲಾ ಒಂದೇ ಕಡೆ ಇಡುವ ಆನ್‌ಲೈನ್ ಕಲಿಕಾ ವ್ಯವಸ್ಥೆ, ಅಂದರೆ ಎಲ್‌ಎಂಎಸ್, ತರೋಣ ಅಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಯಾವ ಸಾಫ್ಟ್‌ವೇರ್ ಅನ್ನುವ ಚರ್ಚೆ ಶುರುವಾಗುತ್ತದೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಜುಲೈನಲ್ಲಿ ಕರೆಂಟ್ ಹೋಗಿ, ಟವರ್ ಸತ್ತು, ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟಾಗ ಇದರ ಗತಿ ಏನು ಅಂತ ಮೊದಲು ಕೇಳಿಕೊಳ್ಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಎಲ್ಲರೂ ಮತ್ತೆ ವಾಟ್ಸಾಪ್ ಗ್ರೂಪಿಗೇ ವಾಪಸ್ ಬಂದಿರುತ್ತಾರೆ.

ಹಾಗಾಗಿ ಮೊದಲ ಕೆಲಸ ನಿಮ್ಮ ಶಾಲೆಯನ್ನೇ ನೋಡುವುದು. ಕುಶಾಲನಗರದಲ್ಲಿ ಮಳೆ ಕಡಿಮೆ, ಭಾಗಮಂಡಲದಲ್ಲಿ ಸುರಿಯುವುದು ಬೇರೆಯೇ ಲೆಕ್ಕ, ಒಂದೇ ಜಿಲ್ಲೆ ಆದರೂ ಒಬ್ಬರ ಏರ್ಪಾಡು ಇನ್ನೊಬ್ಬರಿಗೆ ಆಗುವುದಿಲ್ಲ. ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ಯುಪಿಎಸ್ ಎಷ್ಟು ಹೊತ್ತು ಬರುತ್ತದೆ, ಯಾವ ಕಂಪನಿಯ ಸಿಗ್ನಲ್ ಯಾವ ಮೂಲೆಯಲ್ಲಿ ಸಿಗುತ್ತದೆ ಅಂತ ಕೆಲವು ದಿನ ಬರೆದಿಡಿ. ಮಕ್ಕಳನ್ನು ಕೇಳುವಾಗ ಮನೆಯಲ್ಲಿ ಫೋನ್ ಇದೆಯಾ ಅಂತ ಮಾತ್ರ ಕೇಳಿದರೆ ಸಾಲದು, ಹೆಚ್ಚಿನವರು ಇದೆ ಅನ್ನುತ್ತಾರೆ. ಸಂಜೆ ಅದು ಯಾರ ಕೈಯಲ್ಲಿರುತ್ತದೆ, ಡೇಟಾ ಉಳಿದಿರುತ್ತದಾ, ಸಿಗ್ನಲ್‌ಗೆ ಎಲ್ಲಿಗೆ ಹೋಗಬೇಕು, ಇದನ್ನು ಕೇಳಿ. ತೋಟದ ಲೈನ್ ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಅಪ್ಪನ ಜೇಬಿನಲ್ಲಿರುತ್ತದೆ, ಕಾಫಿ ಕುಯ್ಲಿನ ಸಮಯದಲ್ಲಂತೂ ಕತ್ತಲಾಗುವ ತನಕ ಸಿಗುವುದಿಲ್ಲ. ಸಿಗ್ನಲ್ ಸಿಗುವುದು ಗದ್ದೆ ಆಚೆಯ ದಿಣ್ಣೆ ಮೇಲೆ ಮಾತ್ರ ಅಂತಾದರೆ, ಆನೆ ಓಡಾಡುವ ಊರಿನಲ್ಲಿ ಮಗುವನ್ನು ಸಂಜೆ ಅಲ್ಲಿಗೆ ಕಳಿಸುವ ಹೋಂವರ್ಕ್ ಬೇಡವೇ ಬೇಡ.

ಈಗ ಸಾಫ್ಟ್‌ವೇರ್. ಗೂಗಲ್ ಕ್ಲಾಸ್‌ರೂಂ ಕಲಿಯುವುದು ಸುಲಭ, ನೆಟ್ ಚೆನ್ನಾಗಿರುವ ಪೇಟೆ ಶಾಲೆಗೆ ಅದೇ ಸಾಕು. ಆದರೆ ನೆಟ್ ಹೋದರೆ ಅದರ ಕೈಯಲ್ಲಿ ಆಗುವುದು ಕಡಿಮೆ. ನನ್ನ ಓಟು ಮೂಡಲ್‌ಗೆ. 2002ರಿಂದ ಇದೆ, ಮುಕ್ತ ತಂತ್ರಾಂಶ, ಲೈಸೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ನೋಡಲು ಅಷ್ಟೇನೂ ಚಂದ ಇಲ್ಲ, ಸೆಟ್ಟಿಂಗ್‌ಗಳು ಜಾಸ್ತಿ, ಅದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಕನ್ನಡ ಭಾಷಾ ಪ್ಯಾಕ್ ಇದೆ, ನಡುನಡುವೆ ಇಂಗ್ಲಿಷ್ ಇಣುಕುತ್ತದೆ ಅಷ್ಟೇ. ನೆಟ್ ಆಗಾಗ ಬಂದು ಹೋಗುವ ಊರಾದರೆ ಹೊರಗಿನ ಸರ್ವರ್‌ನಲ್ಲಿ ಮೂಡಲ್ ಹಾಕಿಸಿ, ಮಕ್ಕಳಿಗೆ ಅದರ ಮೊಬೈಲ್ ಆ್ಯಪ್ ಕೊಡಿ. ಪಾಠ ಇಳಿಸಿಕೊಂಡು ಆಮೇಲೆ ಓದಬಹುದು. ನೆಟ್ ಬರುವುದೇ ಅಪರೂಪ ಅಂತಾದರೆ ಮೂಡಲ್‌ಬಾಕ್ಸ್ ನೋಡಿ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲಿ ಇಡೀ ಮೂಡಲ್ ಕೂತು, ತನ್ನದೇ ವೈಫೈ ಕೊಡುತ್ತದೆ. ಇಂಟರ್ನೆಟ್ ಬೇಕಾಗಿಲ್ಲ. ವಿದ್ಯುತ್ತೂ ತೀರಾ ಕಡಿಮೆ, ಒಳ್ಳೆಯ ಪವರ್ ಬ್ಯಾಂಕಿನಲ್ಲೂ ಕೆಲವು ಪೀರಿಯಡ್ ನಡೆಸಬಹುದು. ಒಂದು ವಿಷಯ ಮಾತ್ರ: ಅದರೊಳಗಿನ ವೈಫೈ ಇಡೀ ತರಗತಿಯನ್ನು ಒಟ್ಟಿಗೆ ತಡೆದುಕೊಳ್ಳುವುದು ಕಷ್ಟ, ಪಕ್ಕದಲ್ಲಿ ಒಂದು ಸಾಧಾರಣ ರೂಟರ್ ಜೋಡಿಸಿ.

ಮಕ್ಕಳ ಅಕೌಂಟ್ ಮಾಡುವಾಗ ತಾಳ್ಮೆ ಬೇಕು. ಒಂದೊಂದೇ ಹೆಸರು ಟೈಪ್ ಮಾಡುತ್ತಾ ಕೂರಬೇಡಿ, ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಸಿಎಸ್‌ವಿ ಫೈಲ್ ಆಗಿ ಒಟ್ಟಿಗೆ ಅಪ್‌ಲೋಡ್ ಮಾಡಿ. ಸೇವ್ ಮಾಡುವಾಗ ಯುಟಿಎಫ್-8 ಆಯ್ಕೆ ಮಾಡದಿದ್ದರೆ ಕನ್ನಡ ಹೆಸರೆಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತವೆ. ಯೂಸರ್‌ನೇಮ್‌ಗೆ ಹೆಸರು ಬೇಡ, ಒಂದೇ ಹೆಸರಿನವರು ಎಲ್ಲಾ ತರಗತಿಯಲ್ಲೂ ಇರುತ್ತಾರೆ, ಮನೆ ಹೆಸರಿನ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು ಥರ. ಶಿಕ್ಷಣ ಇಲಾಖೆ ಮಕ್ಕಳಿಗೆ ಕೊಡುವ ಎಸ್‌ಎಟಿಎಸ್ ಸಂಖ್ಯೆ ಹೇಗೂ ಪ್ರತಿ ಮಗುವಿಗೂ ಬೇರೆ ಬೇರೆ ಇರುತ್ತದೆ, ಅದನ್ನೇ ಬಳಸಿ. ಆದರೆ ಅದನ್ನೇ ಪಾಸ್‌ವರ್ಡ್ ಮಾಡಬೇಡಿ, ಪಕ್ಕದ ಬೆಂಚಿನವನಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಇಮೇಲ್ ಕಾಲಂ ಖಾಲಿ ಬಿಟ್ಟರೆ ಮೂಡಲ್ ಒಪ್ಪುವುದಿಲ್ಲ, ಮಕ್ಕಳಿಗೆ ಇಮೇಲ್ ಇರುವುದಿಲ್ಲ, ಅದಕ್ಕೆ ಶಾಲೆಯದೇ ಡೊಮೇನ್ ಇದ್ದರೆ ಅದರ ಹೆಸರಿನಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ವಿಳಾಸ ತುಂಬಿಸಿ. ಮೂಡಲ್ ತಾನಾಗಿ ಕೇಳುವ ಪಾಸ್‌ವರ್ಡ್‌ನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚಿಹ್ನೆ ಎಲ್ಲಾ ಇರಬೇಕು. ಎಂಟನೇ ಕ್ಲಾಸಿನ ಮಗು ಅದನ್ನು ಸೋಮವಾರ ಇಟ್ಟು ಮಂಗಳವಾರ ಮರೆಯುತ್ತದೆ. ಸೈಟ್ ಸೆಟ್ಟಿಂಗ್‌ನಲ್ಲಿ ಆ ನಿಯಮ ಸಡಿಲ ಮಾಡಿ. ಮರೆತಾಗ ಹೊಸ ಪಾಸ್‌ವರ್ಡ್ ಹಾಕಿಕೊಡುವ ಅಧಿಕಾರ ಲ್ಯಾಬ್ ನೋಡಿಕೊಳ್ಳುವ ಒಬ್ಬ ಟೀಚರ್‌ಗಾದರೂ ಇರಲಿ, ಇಲ್ಲದಿದ್ದರೆ ಅರ್ಧ ಪೀರಿಯಡ್ ಅದರಲ್ಲೇ ಹೋಗುತ್ತದೆ.

ಪೋಷಕರ ಸಹಿ ಮೊದಲೇ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲಾ ಮಕ್ಕಳು ಅಂತಲೇ ನೋಡುತ್ತದೆ. ಯಾವ ಮಾಹಿತಿ ಎಲ್ಲಿ ಇಡುತ್ತೀರಿ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಸರಳವಾಗಿ ಹೇಳಿ, ಚೀಟಿಯಲ್ಲೂ ಬರೆದು ಕಳಿಸಿ. ಆಧಾರ್ ನಂಬರ್, ಜಾತಿ, ಫೋಟೋ ಇವು ಯಾವುದೂ ಎಲ್‌ಎಂಎಸ್‌ಗೆ ಬೇಕಾಗಿಲ್ಲ, ಹಾಕಬೇಡಿ.

ಯಾವ ತರಗತಿಯಿಂದ ಶುರು ಮಾಡುವುದು? ಹತ್ತನೇ ತರಗತಿ ಬೇಡ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿ ಇರುವ ಟೀಚರ್ ತಲೆಗೆ ಇನ್ನೊಂದು ಭಾರ ಯಾಕೆ? ಎಂಟನೆಯವರು ಶಾಲೆಗೇ ಹೊಸಬರು. ಒಂಬತ್ತು ಸರಿಯಾದ ಜಾಗ. ಒಂದೇ ತರಗತಿ, ಒಂದೇ ವಿಷಯ, ಅದೂ ಸ್ವಂತ ಆಸಕ್ತಿಯಿಂದ ಮುಂದೆ ಬಂದ ಒಬ್ಬ ಮೇಷ್ಟ್ರು ಅಥವಾ ಟೀಚರ್. ಎಚ್‌ಎಂ (ಮುಖ್ಯೋಪಾಧ್ಯಾಯರು) ಆದೇಶ ಹೊರಡಿಸಿ ಎಲ್ಲರೂ ನಾಳೆಯಿಂದ ಅಂದರೆ ಎಲ್ಲರೂ ಒಂದು ಪಿಡಿಎಫ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ, ನೋಡುತ್ತಿರಿ.

ಪಿಡಿಎಫ್ ಬಗ್ಗೆ ಹೇಳಲೇಬೇಕು. ಪಠ್ಯಪುಸ್ತಕ ಮಕ್ಕಳ ಚೀಲದಲ್ಲೇ ಇದೆ, ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೋ ಸಿಗುತ್ತದೆ. ಅದನ್ನೇ ಮತ್ತೆ ತಂದು ತುಂಬಿಸುವುದು ಸುಮ್ನೆ ದಂಡ. ಎಲ್‌ಎಂಎಸ್‌ನಿಂದ ನಿಜವಾಗಿ ಲಾಭ ಆಗುವುದು ಕ್ವಿಜ್‌ನಲ್ಲಿ. ವಾರಕ್ಕೊಂದು ಪುಟ್ಟ ಕ್ವಿಜ್ ಹಾಕಿ, ತಿದ್ದುವ ಕೆಲಸ ಕಂಪ್ಯೂಟರ್ ಮಾಡುತ್ತದೆ, ಯಾವ ಪ್ರಶ್ನೆಯಲ್ಲಿ ಇಡೀ ತರಗತಿ ಎಡವಿದೆ ಅಂತ ನಿಮಗೆ ತಕ್ಷಣ ಗೊತ್ತಾಗುತ್ತದೆ. ಟೀಚರ್‌ಗೆ ಕೆಲಸ ಕಡಿಮೆಯಾದರೆ ಮಾತ್ರ ಇದು ಉಳಿಯುತ್ತದೆ.

ಕ್ವಿಜ್ ಅನ್ನು ಆ್ಯಪ್‌ನಲ್ಲಿ ನೆಟ್ ಇಲ್ಲದೆಯೂ ಬರೆಯಬಹುದು, ಆದರೆ ಅದಕ್ಕೆ ಅನುಮತಿ ಕೊಡುವ ಸೆಟ್ಟಿಂಗ್ ಅನ್ನು ನೀವೇ ಆನ್ ಮಾಡಬೇಕು. ಟೈಮ್ ಲಿಮಿಟ್ ಇಡಬಾರದು, ಉತ್ತರ ಸರಿಯಾ ತಪ್ಪಾ ಅಂತ ಕೊನೆಯಲ್ಲಿ ಮಾತ್ರ ತೋರಿಸುವ ಆಯ್ಕೆ ಇರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಆಫ್‌ಲೈನ್‌ನಲ್ಲಿ ನಡೆಯುವುದಿಲ್ಲ.

ಹಳೆಯ ಪ್ರಶ್ನೆಪತ್ರಿಕೆಗಳಿಂದ ಕಾಪಿ ಮಾಡುವವರು ಗಮನಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಮೂಡಲ್‌ಗೆ ಪೇಸ್ಟ್ ಮಾಡಿದರೆ ಏನೇನೋ ವಿಚಿತ್ರ ಅಕ್ಷರ ಬರುತ್ತದೆ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ.

ಕೊನೆಯ ದಿನಾಂಕವನ್ನು ಇವತ್ತು ರಾತ್ರಿ ಎಂಟು ಗಂಟೆ ಅಂತ ಇಡಬೇಡಿ. ಒಂದು ಪೂರ್ತಿ ವಾರ ಕೊಡಿ, ಮಳೆ ರಜೆ ಬಂದರೆ ಇನ್ನೊಂದು ವಾರ. ಮನೆಯಲ್ಲಿ ಫೋನ್ ಸಿಗದ ಮಕ್ಕಳಿಗೆ ಶಾಲೆಯ ಪೀರಿಯಡ್‌ನಲ್ಲೇ ಲ್ಯಾಬ್ ಸಮಯ ಇರಬೇಕು. ನಾಲ್ಕೂವರೆ ಮೇಲೆ ಉಳಿಸಿಕೊಂಡರೆ ಬಸ್ ತಪ್ಪುತ್ತದೆ. ಒಂದು ಕಂಪ್ಯೂಟರಿಗೆ ಇಬ್ಬರು ಕೂತರೂ ಪರವಾಗಿಲ್ಲ, ನಿಜ ಹೇಳಬೇಕೆಂದರೆ ಇಬ್ಬರು ಕೂತಾಗ ಮಾತು ಜಾಸ್ತಿ, ಕಲಿಯುವುದೂ ಜಾಸ್ತಿ.

ಉಪಕರಣ ಉಳಿಸಿಕೊಳ್ಳುವುದು ಇಲ್ಲಿ ದೊಡ್ಡ ಕೆಲಸವೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ರೂಟರ್ ಸುಡುತ್ತದೆ, ಸಂಜೆ ಹೋಗುವಾಗ ಪ್ಲಗ್ ಜೊತೆ ನೆಟ್ ಕೇಬಲ್ಲನ್ನೂ ಕಿತ್ತಿಡಿ. ಜೂನ್ ಮೇಲೆ ತೇವ. ಬೀರುವಿನಲ್ಲಿ ಸುಮ್ಮನೆ ಇಟ್ಟ ಲ್ಯಾಪ್‌ಟಾಪ್‌ಗೂ ಬೂಷ್ಟು ಹಿಡಿಯುತ್ತದೆ, ದಿನಾ ಸ್ವಲ್ಪ ಹೊತ್ತು ಆನ್ ಮಾಡಿದರೆ ಬಿಸಿಗೆ ಒಣಗಿರುತ್ತದೆ.

ಬ್ಯಾಕಪ್ ಅನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ತೆಗೆದು ಎಚ್‌ಎಂ ರೂಮಿನಲ್ಲಿಡಿ, ಲ್ಯಾಬ್‌ನಲ್ಲಿ ಅಲ್ಲ. ವರ್ಷದ ಕೊನೆಯಲ್ಲಿ ಕೋರ್ಸ್ ಅಳಿಸಬೇಡಿ. ರೀಸೆಟ್ ಅನ್ನುವ ಆಯ್ಕೆ ಇದೆ, ಅದರಲ್ಲಿ ಮಕ್ಕಳ ಹೆಸರು ಮತ್ತು ಅಂಕ ಹೋಗಿ ಪಾಠ, ಕ್ವಿಜ್ ಉಳಿಯುತ್ತವೆ. ಅಂಕ ಬೇಕಿದ್ದರೆ ಮೊದಲೇ ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಆಮೇಲೆ ಜೂನ್‌ನಲ್ಲಿ ಹೊಸ ಪಟ್ಟಿ ಅಪ್‌ಲೋಡ್ ಮಾಡಿದರೆ ಅದೇ ಕೋರ್ಸ್ ಮುಂದಿನ ಬ್ಯಾಚಿಗೆ ರೆಡಿ.