ಜಟೊಬಾ ಬೀಜಕ್ಕೆ ಮೊಳಕೆ ಬರಿಸುವ ಬಗೆ

ಬ್ರೆಜಿಲ್‌ನ ಜಟೊಬಾ ಮರ ನಮ್ಮ ಹುಣಸೆಗೆ ದೂರದ ದಾಯಾದಿ. ದ್ವಿದಳ ಕುಟುಂಬದಲ್ಲಿ ಹುಣಸೆ, ಅಶೋಕ, ಜಟೊಬಾ ಮೂರೂ ಒಂದೇ ಉಪಕುಟುಂಬಕ್ಕೆ ಸೇರಿದವು. ಜಟೊಬಾದಲ್ಲಿ ಒಂದು ತೊಟ್ಟಿಗೆ ಜೋಡಿಯಾಗಿ ಎರಡೇ ಕಿರುಎಲೆ. ಅದಕ್ಕೇ ಸಸ್ಯವಿಜ್ಞಾನಿ ಲಿನ್ನೇಯಸ್ ಗ್ರೀಕರ ಮದುವೆಯ ದೇವರು ಹೈಮೆನ್‌ನ ಹೆಸರನ್ನು ಈ ಕುಲಕ್ಕೆ ಇಟ್ಟ: ಹೈಮೀನಿಯಾ. ಜಟೊಬಾದ ಪೂರ್ತಿ ಹೆಸರು ಹೈಮೀನಿಯಾ ಕೂರ್ಬರಿಲ್. ಹೂವು ಅರಳುವುದು ರಾತ್ರಿ, ಪರಾಗಸ್ಪರ್ಶ ಬಾವಲಿಗಳ ಕೆಲಸ.

ಸಸಿ ಮಾಡುವವರಿಗೆ ತಲೆನೋವು ಕಾಯಿಯದು. ಅದು ಹಣ್ಣಾದರೂ ಸಿಡಿಯುವುದಿಲ್ಲ, ಇಡಿಯಾಗಿ ನೆಲಕ್ಕೆ ಬೀಳುತ್ತದೆ. ಕಾಡಿನಲ್ಲಿ ಅಗೂಟಿ ಎಂಬ, ಇಲಿ-ಅಳಿಲಿನ ಬಳಗದ ಪ್ರಾಣಿ ಅದನ್ನು ಕಡಿದು ತೆರೆದು, ತಿಂದು ಉಳಿದ ಬೀಜವನ್ನು ಅಲ್ಲಲ್ಲಿ ಹೂತಿಡುತ್ತದೆ. ಮರೆತದ್ದು ಮೊಳೆಯುತ್ತದೆ. ನರ್ಸರಿಯಲ್ಲಿ ಅಗೂಟಿಯ ಪಾಲಿನ ಕೆಲಸ ಸುತ್ತಿಗೆಗೆ.

ಹೊಸದಾಗಿ ಬಿದ್ದ ಕಾಯಿಗಳನ್ನೇ ಆರಿಸಿ. ಸಿಪ್ಪೆಯಲ್ಲಿ ದುಂಡನೆಯ ತೂತಿದ್ದರೆ ಒಳಗೆ ಮೂತಿಹುಳು ಹಿಡಿದಿದೆ ಎಂದರ್ಥ, ಬಿಸಾಡಿ. ಕಾಯಿಯ ಅಂಚಿನ ಗೆರೆಯ ಮೇಲೆ ಹೊಡೆಯಬೇಕು. ನಡುವೆ ಬಡಿದರೆ ಬೀಜವೂ ಒಡೆದೀತು. ಒಳಗಿನ ಹಳದಿ-ಹಸಿರು ಹಿಟ್ಟು ಸಿಹಿ, ಬ್ರೆಜಿಲ್‌ನಲ್ಲಿ ಅದರಿಂದ ಬಿಸ್ಕತ್ತೂ ಮಾಡುತ್ತಾರೆ. ವಾಸನೆ ಮಾತ್ರ ಒಗೆಯದ ಕಾಲುಚೀಲದ್ದು! ಕೆರಿಬಿಯನ್ ದ್ವೀಪಗಳಲ್ಲಿ ಈ ಕಾಯಿಯನ್ನು 'ನಾರುವ ಕಾಲ್ಬೆರಳು' ಎಂದೇ ಕರೆಯುವುದು ಸುಮ್ಮನೆ ಅಲ್ಲ. ಆ ಹಿಟ್ಟು ಉಳಿದರೆ ಬೂಷ್ಟು, ಇರುವೆ ಎರಡೂ ಬರುತ್ತವೆ. ನೀರಲ್ಲಿ ನೆನೆಸಿ, ಜರಡಿಯ ಮೇಲೆ ಉಜ್ಜಿ ತೊಳೆದು, ನೆರಳಲ್ಲಿ ಆರಿಸಿ.

ಇನ್ನು ಬೀಜದ ಹೊದಿಕೆ. ಕಂದು ಬಣ್ಣದ ಈ ಚಿಪ್ಪು ನೀರನ್ನು ಒಳಗೆ ಬಿಡುವುದಿಲ್ಲ. ಹಾಗೇ ಬಿತ್ತಿದರೆ ಒಂದು ಈ ತಿಂಗಳು, ಇನ್ನೊಂದು ಮತ್ತಾವಾಗಲೋ ಮೊಳೆತು ಮಡಿಯೆಲ್ಲ ಏರುಪೇರಾಗುತ್ತದೆ. ಸುಬಾಬುಲ್ ಬೀಜಕ್ಕೆ ನಾವು ಮಾಡುವ ಬಿಸಿನೀರಿನ ಉಪಾಯವನ್ನು ಇಷ್ಟು ದಪ್ಪ ಚಿಪ್ಪಿಗೆ ನಂಬಲಾಗದು. ಒರಟು ಮರಳುಕಾಗದ ಹಿಡಿದು, ಬೀಜದ ಕಣ್ಣಿನ (ಬೀಜ ಕಾಯಿಗೆ ಅಂಟಿಕೊಂಡಿದ್ದ ಗುರುತು) ಎದುರು ತುದಿಯಲ್ಲಿ ಉಜ್ಜಿ. ಕಣ್ಣಿನ ಬದಿಯಲ್ಲೇ ಭ್ರೂಣ ಇರುವುದರಿಂದ ಅಲ್ಲಿ ಉಜ್ಜಿದರೆ ಕೆಲಸ ಕೆಟ್ಟಿತು. ಕಂದು ಸವೆದು ಬೇಳೆಯ ಬಿಳುಪು ಹೆಸರುಕಾಳಿನಷ್ಟು ಕಂಡ ಕೂಡಲೇ ನಿಲ್ಲಿಸಿ. ಆಮೇಲೆ 24 ಗಂಟೆ ನೀರಲ್ಲಿ ಹಾಕಿಡಿ. ಊದಿಕೊಂಡದ್ದನ್ನು ಬಿತ್ತಿ; ಊದದಿದ್ದರೆ ಚಿಪ್ಪು ಪೂರ್ತಿ ಸವೆದಿಲ್ಲ, ಮತ್ತೆ ಉಜ್ಜಿ.

ಮಣ್ಣು, ಮರಳು, ಗೊಬ್ಬರ ಸಮಪಾಲು ಬೆರೆಸಿ, ಸಸಿ ಚೀಲಕ್ಕೆ ತುಂಬಿ, 2 ಸೆಂ.ಮೀ. ಆಳಕ್ಕೆ ಬಿತ್ತಿ, ಅರೆನೆರಳಲ್ಲಿಡಿ. ಎರಡರಿಂದ ನಾಲ್ಕು ವಾರದಲ್ಲಿ ದಪ್ಪ ಬೇಳೆಗಳು ಮಣ್ಣೆತ್ತಿ ಮೇಲೇಳುತ್ತವೆ. ಆ ಹೊತ್ತಿಗೆ ಬೇಳೆ ಕೀಳಬೇಡಿ, ಸಸಿಯ ಬುತ್ತಿ ಅದರಲ್ಲೇ ಇದೆ. ನೀರು ನಿಂತರೆ ಉಜ್ಜಿದ ಗಾಯದಿಂದಲೇ ಕೊಳೆ ಶುರುವಾಗುತ್ತದೆ.

ಚೀಲದಲ್ಲಿ ಮಾತ್ರ ಜಿಪುಣತನ ಬೇಡ. ತಾಯಿಬೇರು ನೇರ ಕೆಳಗಿಳಿಯುವ ಜಾತಿ ಇದು, 25 ಸೆಂ.ಮೀ.ಗಿಂತ ಗಿಡ್ಡ ಚೀಲದಲ್ಲಿ ಬೇರು ತಳ ಮುಟ್ಟಿ ಸುರುಳಿ ಸುತ್ತುತ್ತದೆ. ಸಸಿ ಗೇಣುದ್ದ ದಾಟಿದ ಮೇಲೆ ಬೇರಿನ ಮಣ್ಣು ಉದುರದ ಹಾಗೆ ಚೀಲ ಸೀಳಿ, ಗುಂಡಿಗೆ ಇಳಿಸಿ.