ಸಿವು ಭಾಷೆಯ ಅನುಕರಣ ಪದಗಳ ಬೆನ್ನು ಹತ್ತಿ: ನನ್ನ ಅನುಭವ

ಘಾನಾದ ಪೂರ್ವದ ಬೆಟ್ಟಸಾಲಿನಲ್ಲಿ, ಹೋಹೋಯೆ ಪಟ್ಟಣದ ಉತ್ತರಕ್ಕಿರುವ ಅಕ್ಪಾಫು ಮತ್ತು ಲೋಲೋಬಿ ಊರುಗಳ ಮಾತು ಸಿವು. ಆಡುವ ಜನ ಮಾವು, ಅವರ ನೆಲ ಕಾವು. ಧಾತು ಒಂದೇ, ಬದಲಾಗುವುದು ಅದರ ಮೊದಲಿಗೆ ಸೇರುವ ಉಪಸರ್ಗ. ಹಾಗಾಗಿ ಪದಪಟ್ಟಿಯನ್ನು ಮೊದಲಕ್ಷರದ ಪ್ರಕಾರ ಜೋಡಿಸಿದರೆ ಒಂದೇ ಮನೆಯ ಪದಗಳು ಮೂರು ಕಡೆ ಚದುರುತ್ತವೆ. ನಾನು ಧಾತುವಿನ ಪ್ರಕಾರವೇ ಜೋಡಿಸುತ್ತೇನೆ.

ಈ ಭಾಷೆಯ ಸೊಗಸೆಲ್ಲ ಅನುಕರಣ ಪದಗಳಲ್ಲಿದೆ. ಮಿರಮಿರ ಮಿಂಚಿದರೆ 'ಗೆಲೆಗೆಲೆ', ದುಂಡಗಿದ್ದರೆ 'ಮಿನಿಮಿನಿ', ತಣ್ಣನೆಯ ಹಿತಕ್ಕೆ 'ಸಾ...' ಎಂಬ ಎಳೆತ. ಪಳಪಳ, ಗಡಗಡ ಅನ್ನದೆ ದಿನ ದೂಡಲಾಗದ ನಮಗೆ ಇವು ಬರೀ ಮಕ್ಕಳ ಮಾತಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಪದಪಟ್ಟಿ ಹಿಡಿದು "ದುಂಡಗೆ ಅನ್ನೋದಕ್ಕೆ ಏನಂತೀರಿ?" ಎಂದು ಕೇಳಿದರೆ ಬಹಳ ಸಲ ಸಪ್ಪೆ ಉತ್ತರವೇ ಬರುತ್ತದೆ. ಭತ್ತ ಕುಟ್ಟುವಾಗ, ಅಡುಗೆ ಮಾಡುವಾಗ ತಮ್ಮತಮ್ಮಲ್ಲೇ ಆಡುವ ಮಾತನ್ನು ರೆಕಾರ್ಡ್ ಮಾಡಬೇಕು. ಆಮೇಲೆ ಆ ತುಣುಕನ್ನು ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ಕೇಳಿಸಿ, "ಇದನ್ನ ಯಾವಾಗ ಅಂತೀರಿ?" ಎಂದು ಕೇಳಬೇಕು. ಗುಂಪಿನಲ್ಲಿ ಕೇಳಿದರೆ ಹಿರಿಯರು ಹೇಳಿದ್ದೇ ಎಲ್ಲರ ಉತ್ತರ. ಅರ್ಥದ ಅರ್ಧ ಭಾಗ ಕೈಸನ್ನೆಯಲ್ಲಿ ಬರುತ್ತದೆ, ಆದ್ದರಿಂದ ಕ್ಯಾಮೆರಾ ಚೌಕಟ್ಟಿನಲ್ಲಿ ಸೊಂಟದಿಂದ ಮೇಲಿನದೆಲ್ಲ ಇರಲಿ.

ರೆಕಾರ್ಡರ್‌ನಲ್ಲಿ ಮೊದಲು ಆಫ್ ಮಾಡಬೇಕಾದ್ದು ಆಟೋ ಗೇನ್, ಅಂದರೆ ದನಿಯ ಮಟ್ಟವನ್ನು ಯಂತ್ರ ತಾನೇ ಏರಿಸಿ ಇಳಿಸುವ ಸೌಲಭ್ಯ. ಅನುಕರಣ ಪದ ಇದ್ದಕ್ಕಿದ್ದಂತೆ ಏರುತ್ತದೆ, ಇಲ್ಲವೇ ಪಿಸುಮಾತಿಗೆ ಇಳಿಯುತ್ತದೆ. ಯಂತ್ರ ಎರಡನ್ನೂ ಸಮ ಮಾಡಿಬಿಟ್ಟರೆ ಆ ಪದದ ಗುಣವೇ ಹೋಯಿತು. ಜೋರು ಮಾತು ರೆಕಾರ್ಡರ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲುವಂತೆ ಗೇನ್ ಇಟ್ಟು, 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ (ಕುಗ್ಗಿಸದ ಧ್ವನಿ ಕಡತ) ಮಾಡಿಕೊಳ್ಳುತ್ತೇನೆ. ಮೈಕು ಬಾಯಿಯ ಪಕ್ಕಕ್ಕಿರಬೇಕು. ನೇರ ಎದುರಿಗಿದ್ದರೆ ಪ, ಬಗಳ ಉಸಿರು ಬಡಿಯುತ್ತದೆ. ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಕೂರುವುದು ವ್ಯರ್ಥ. ಡಿಸೆಂಬರಿನಿಂದ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಎಂಬ ದೂಳಿನ ಒಣಗಾಳಿಗೆ ಮೈಕಿಗೆ ತುಪ್ಪುಳದ ಕವಚ ಬೇಕು, ಕಾರ್ಡ್ ಬದಲಿಸುವಾಗ ದೂಳು ಹೊಗದಂತೆ ನೋಡಿಕೊಳ್ಳಬೇಕು.

ಕನ್ನಡದ ಕಿವಿ ಎರಡು ಕಡೆ ಕೈಕೊಡುತ್ತದೆ. ಅಕ್ಪಾಫುವಿನ 'ಕ್ಪ' ನಮ್ಮ ಒತ್ತಕ್ಷರದ ಹಾಗೆ ಒಂದಾದ ಮೇಲೊಂದಲ್ಲ, ನಾಲಿಗೆಯ ಹಿಂಬದಿ ಮತ್ತು ತುಟಿ ಒಟ್ಟಿಗೇ ಮುಚ್ಚುತ್ತವೆ. ಬರೀ ಪ ಎಂದು ಕೇಳಿಸಿದಾಗ ವಿಡಿಯೋ ಜೊತೆ ಆಡಿಯೋ ಕೂಡ ನಿಧಾನಗೊಳಿಸಿ ನೋಡುತ್ತೇನೆ. ಇನ್ನೊಂದು ಸ್ವರಗಳದ್ದು. ಸಿವುವಿನಲ್ಲಿ ಏಳು ಸ್ವರಗಳಿವೆ, ಎ ಮತ್ತು ಒ ಎರಡೆರಡು ಬಗೆ, ಬಾಯಿ ಹೆಚ್ಚು ತೆರೆದದ್ದು ಮತ್ತು ಕಡಿಮೆ ತೆರೆದದ್ದು. ನಾವು ಅದನ್ನು ಹ್ರಸ್ವ-ದೀರ್ಘ ಎಂದು ಬರೆದುಬಿಡುತ್ತೇವೆ. ಧ್ವನಿಯ ಏರಿಳಿತದಿಂದಲೂ ಪದ ಬದಲಾಗುವ ಭಾಷೆಯಾದ್ದರಿಂದ ಅನುಮಾನ ಬಂದಾಗ ಅದೇ ಪದವನ್ನು ಸಿಳ್ಳೆ ಹಾಕಿ ತೋರಿಸಲು ಹೇಳುತ್ತೇನೆ, ಏರಿಳಿತವಷ್ಟೇ ಉಳಿಯುತ್ತದೆ.

ಬರೆದಿಳಿಸುವುದು ಇಲಾನ್ ತಂತ್ರಾಂಶದಲ್ಲಿ: ಮಾತಿಗೊಂದು ಸಾಲು, ಕೈಸನ್ನೆಗೊಂದು, ಅನುವಾದಕ್ಕೊಂದು. ಹರಟೆಯ ಒಂದು ನಿಮಿಷಕ್ಕೆ ಒಂದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಸಾವಿನ ಮನೆಯ ಹಾಡುಗಳಿಗೆ ಮಾತ್ರ ಮನೆಯವರ ಒಪ್ಪಿಗೆ ಪ್ರತ್ಯೇಕವಾಗಿ ಬೇಕು, ಊರ ಮುಖ್ಯಸ್ಥರ ಅನುಮತಿಯೊಂದೇ ಸಾಲದು. ಊರಲ್ಲಿ ಬಿಟ್ಟುಬರುವ ಪ್ರತಿ ಎಂಪಿತ್ರೀ ಆಗಿರಲಿ. ವೇವ್ ಫೈಲ್ ಭಾರ, ಮೊಬೈಲಿನಿಂದ ಮೊಬೈಲಿಗೆ ಸುಲಭವಾಗಿ ದಾಟುವುದಿಲ್ಲ.